ಮಂಗನ ಕಾಯಿಲೆಯಲ್ಲಿ ಬದುಕುಳಿದವರ ಲೆಕ್ಕ

ಚಳಿಗಾಲ ಕಳೆದು ಬೇಸಿಗೆ ಸಮೀಪಿಸಿದಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆಯ ಮಾತು ಕೇಳಿಬರುತ್ತದೆ. ದರಗು, ಸೌದೆಗೆಂದು ಕಾಡಿಗೆ ಹೋದವರನ್ನು ಉಣುಗು ಕಚ್ಚಿದಾಗ ಇದರ ವೈರಸ್ ದೇಹವನ್ನು ಸೇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗದ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇಂಥ ಅಂಕಿಯನ್ನು ಪಡೆಯುವುದು ಹೇಗೆ?

ಸತ್ತವರ ಸಂಖ್ಯೆಯನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿದರಾಯಿತು ಎನ್ನುವಿರಿ. ಪ್ರತಿಯೊಬ್ಬ ರೋಗಿಯೂ ಕೊನೆಗೆ ಏನಾದನೆಂದು ತಿಳಿದಿದ್ದರೆ ಅದು ಸರಿ. ಆದರೆ ಲೆಕ್ಕ ಹಾಕುವ ದಿನ ಕೆಲವರು ಇನ್ನೂ ಹಾಸಿಗೆಯಲ್ಲಿರುತ್ತಾರೆ, ಕೆಲವರು ಊರನ್ನೇ ಬಿಟ್ಟಿರುತ್ತಾರೆ. ಮಂಗನ ಕಾಯಿಲೆಯಲ್ಲಿ ಇನ್ನೊಂದು ತೊಡಕೂ ಇದೆ. ಮೊದಲ ಜ್ವರ ಇಳಿದ ಮೇಲೆ, ಶೇಕಡಾ 10ರಿಂದ 20 ರೋಗಿಗಳಲ್ಲಿ ಒಂದೆರಡು ವಾರ ಬಿಟ್ಟು ಜ್ವರ ಮರಳಿ ಬರುತ್ತದೆ. ಆಗ ತೀವ್ರ ತಲೆನೋವು, ನಡುಕ, ಮಂಪರು ಕಾಣಿಸಬಹುದು. ಆದ್ದರಿಂದ 12ನೆಯ ದಿನ ನಗುತ್ತಾ ಮನೆಗೆ ಹೋದವರನ್ನು ‘ಬದುಕುಳಿದವರು’ ಎಂದು ಆಗಲೇ ಬರೆದುಕೊಳ್ಳುವಂತಿಲ್ಲ.

ಅರ್ಧಕ್ಕೆ ನಿಂತ ಇಂಥ ಮಾಹಿತಿಯನ್ನು ಬಳಸುವ ವಿಧಾನವನ್ನು 1958ರಲ್ಲಿ ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮಾಯರ್ ಪ್ರಕಟಿಸಿದರು. (ಕಪ್ಲಾನ್ ಯೋಚಿಸುತ್ತಿದ್ದುದು ರೋಗಿಗಳ ಬಗ್ಗೆ ಅಲ್ಲ, ದೂರವಾಣಿ ಕೇಬಲ್ಲುಗಳ ನಿರ್ವಾತ ನಳಿಗೆಗಳ ಆಯುಷ್ಯದ ಬಗ್ಗೆ!) ಒಂದು ಕಾಲ್ಪನಿಕ ಉದಾಹರಣೆ ನೋಡಿ. 20 ರೋಗಿಗಳಿದ್ದಾರೆ, ದಿನಗಳನ್ನು ಜ್ವರ ಆರಂಭವಾದಂದಿನಿಂದ ಎಣಿಸೋಣ. 8ನೆಯ ದಿನ ಒಬ್ಬರು ಸತ್ತರು. ಆ ದಿನವನ್ನು ದಾಟಿದವರ ಪ್ರಮಾಣ 19/20, ಅಂದರೆ 0.95. 12ನೆಯ ದಿನದ ನಂತರ ಇಬ್ಬರ ಸುದ್ದಿ ಸಿಗಲಿಲ್ಲ. ಉಳಿದ 17 ಮಂದಿಯಲ್ಲಿ 17ನೆಯ ದಿನ ಇನ್ನೊಬ್ಬರು ಸತ್ತರು: 16/17, ಅಂದರೆ 0.941. ಮುಂದೆ 28ನೆಯ ದಿನದವರೆಗೆ ಸಾವಿಲ್ಲ. ಎರಡನ್ನೂ ಗುಣಿಸಿದರೆ 0.894. ಸಾವಿನ ಅಂದಾಜು ಶೇಕಡಾ 10.6.

ಸುದ್ದಿ ಸಿಗದ ಇಬ್ಬರನ್ನು ಬದುಕಿದವರೆಂದು ಭಾವಿಸಿದ್ದರೆ ಶೇಕಡಾ 10 ಬರುತ್ತಿತ್ತು. ಪಟ್ಟಿಯಿಂದಲೇ ಕಿತ್ತುಹಾಕಿದ್ದರೆ 11.1. ಕಪ್ಲಾನ್–ಮಾಯರ್ ವಿಧಾನವಾದರೋ ಅವರು ಕಣ್ಣಿಗೆ ಬಿದ್ದಿದ್ದ 12 ದಿನಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇದಕ್ಕೊಂದು ಷರತ್ತಿದೆ. ಕಣ್ಮರೆಯಾದವರ ಅಪಾಯವೂ ಉಳಿದವರ ಅಪಾಯದಷ್ಟೇ ಇರಬೇಕು. ಮಲೆನಾಡಿನಲ್ಲಿ ಈ ಷರತ್ತು ಸುಲಭವಾಗಿ ಮುರಿಯುತ್ತದೆ. ಸ್ಥಿತಿ ಬಿಗಡಾಯಿಸಿದ ರೋಗಿಯನ್ನು ತಾಲ್ಲೂಕು ಆಸ್ಪತ್ರೆಯಿಂದ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಕಳುಹಿಸುತ್ತಾರೆ. ಅಲ್ಲಿಗೇ ಅವರ ದಾಖಲೆಯನ್ನು ನಿಲ್ಲಿಸಿದರೆ ತಾಲ್ಲೂಕಿನ ಅಂಕಿ ಸುಳ್ಳೇ ಹಿತವಾಗಿ ಕಾಣುತ್ತದೆ, ದೊಡ್ಡ ಆಸ್ಪತ್ರೆಯದು ಸುಳ್ಳೇ ಭಯಂಕರವಾಗಿ. ಇದನ್ನು ಯಾವ ಸೂತ್ರವೂ ಸರಿಪಡಿಸಲಾರದು. 28 ದಿನ ತುಂಬುವವರೆಗೆ ಆರೋಗ್ಯ ಕಾರ್ಯಕರ್ತರು ಬೆನ್ನುಹತ್ತಿ ವಿಚಾರಿಸಬೇಕು, ಅಷ್ಟೆ.

ಇನ್ನು ಸಣ್ಣ ಸಂಖ್ಯೆಗಳ ವಿಚಾರ. ಒಂದು ತಾಲ್ಲೂಕಿನಲ್ಲಿ 30 ರೋಗಿಗಳಿದ್ದು ಯಾರೂ ಸಾಯಲಿಲ್ಲ ಎನ್ನಿ. ‘ನಮ್ಮ ಕಡೆ ರೋಗ ಸೌಮ್ಯ’ ಎನ್ನಬಹುದೇ? ಸಾವಿನ ಸಂಭವನೀಯತೆ ಶೇಕಡಾ 5 ಇದ್ದರೂ ಮೂವತ್ತೂ ಮಂದಿ ಪಾರಾಗುವ ಸಂಭವನೀಯತೆ 0.95ರ 30ನೆಯ ಘಾತ, ಅಂದರೆ ಸುಮಾರು 0.21. ಐದು ಬಾರಿಗೆ ಒಮ್ಮೆ ಹೀಗೆ ಆಗಿಯೇ ಆಗುತ್ತದೆ! ಮೂರೂ ತಾಲ್ಲೂಕುಗಳನ್ನು ಸೇರಿಸಿ 90 ರೋಗಿಗಳಾದರೆ ಅದು 0.01ಕ್ಕೆ ಇಳಿಯುತ್ತದೆ. ತರಗತಿಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ನೋಡಿ.

ವಯಸ್ಸು, ಆಸ್ಪತ್ರೆಗೆ ಬರಲು ಆದ ವಿಳಂಬ ಮುಂತಾದ ಕಾರಣಗಳನ್ನು ಒಟ್ಟಿಗೆ ತೂಗಿ ನೋಡಲು 1972ರಲ್ಲಿ ಡೇವಿಡ್ ಕಾಕ್ಸ್ ರೂಪಿಸಿದ ಮಾದರಿ ಇದೆ. ಪ್ರತಿ ಕಾರಣಕ್ಕೂ ಸುಮಾರು 10 ಸಾವುಗಳ ಮಾಹಿತಿ ಬೇಕೆಂಬುದು ಅದನ್ನು ಬಳಸುವವರ ಸ್ಥೂಲ ನಿಯಮ. ಒಂದು ತಾಲ್ಲೂಕಿನ ಒಂದು ವರ್ಷದ ದಾಖಲೆಯಲ್ಲಿ ಅಷ್ಟು ಸಾವುಗಳಿರುವುದಿಲ್ಲ, ಪುಣ್ಯವಶಾತ್.