ಭ್ರೂಣದ ಆಕರಕೋಶ: ವಿಜ್ಞಾನದ ಮುಂದಿರುವ ಧರ್ಮಸೂಕ್ಷ್ಮ

ಕೆಲವು ತಿಂಗಳ ಹಿಂದೆ ದಂಪತಿಗಳಿಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಪ್ರನಾಳ ಶಿಶು ವಿಧಾನದಿಂದ ಅವರಿಗೆ ಹೆಣ್ಣುಮಗು ಜನಿಸಿ ಐದು ವರ್ಷ ಕಳೆದಿದೆ. ಅಂದು ಬಳಸದೆ ಉಳಿದ ಮೂರು ಭ್ರೂಣಗಳು ಆಸ್ಪತ್ರೆಯ ಶೀತಕೋಶದಲ್ಲಿವೆ. ಅವುಗಳ ಬಗೆಗೆ ನಿರ್ಧಾರ ತಿಳಿಸಬೇಕೆಂಬ ಕಾಗದವನ್ನು ಮೇಜಿನ ಮೇಲಿಟ್ಟು ಆ ತಾಯಿ ಕೇಳಿದರು: "ಡಾಕ್ಟರೇ, ಇವನ್ನು ಸಂಶೋಧನೆಗೆ ಕೊಟ್ಟರೆ ಪುಣ್ಯವೋ, ಪಾಪವೋ?" ನಾಡಿ ಹಿಡಿದು ಹೇಳಬಹುದಾದ ಉತ್ತರ ಇದಲ್ಲ. ಈ ಒಂದು ಪ್ರಶ್ನೆಗೆ ಹಲವು ದೇಶಗಳ ಶಾಸನಸಭೆಗಳೇ ಇಬ್ಭಾಗವಾಗಿವೆ.

ಮೊದಲು ವಿಷಯವನ್ನು ತಿಳಿಯೋಣ. ಗರ್ಭಾಂಕುರವಾದ ಐದಾರು ದಿನಗಳಲ್ಲಿ ಭ್ರೂಣವು ನೂರರಷ್ಟು ಕೋಶಗಳ ಒಂದು ಟೊಳ್ಳು ಗೋಳವಾಗಿರುತ್ತದೆ. ಸಾಸಿವೆ ಕಾಳಿಗಿಂತಲೂ ಬಹಳ ಚಿಕ್ಕದು. ಅದರ ಒಳಗಿನ ಕೋಶಗಳು ಮುಂದೆ ನರ, ಹೃದಯ, ರಕ್ತ, ಅಸ್ಥಿ ಹೀಗೆ ದೇಹದ ಯಾವ ಭಾಗವಾಗಿಯಾದರೂ ಬೆಳೆಯಬಲ್ಲವು. ಇವೇ ಸ್ಟೆಮ್ ಸೆಲ್ ಅಥವಾ ಆಕರಕೋಶಗಳು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಅವರು ಮಾನವ ಭ್ರೂಣದಿಂದ ಇವನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಕಂಪವಾತ, ಮಧುಮೇಹ, ಬೆನ್ನುಹುರಿಯ ಆಘಾತ ಮುಂತಾದವುಗಳಿಗೆ ಪರಿಹಾರ ದೊರೆತೀತೆಂಬ ಆಶೆ ಅಂದಿನಿಂದ ಮೂಡಿತು. ಆದರೆ ಕೋಶಗಳನ್ನು ತೆಗೆದಾಗ ಆ ಭ್ರೂಣವು ನಾಶವಾಗುತ್ತದೆ. ವಿವಾದದ ಮೂಲವಿರುವುದು ಇಲ್ಲಿಯೇ.

ಗರ್ಭಾಂಕುರದ ಕ್ಷಣದಿಂದಲೇ ಭ್ರೂಣವನ್ನು ಮಾನವ ವ್ಯಕ್ತಿಯಂತೆ ಗೌರವಿಸಬೇಕು, ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಅಳಿಸಲಾಗದು ಎಂಬುದು ಕ್ಯಾಥೊಲಿಕ್ ಚರ್ಚಿನ ನಿಲುವು. ಯಹೂದಿ ಪರಂಪರೆಯಲ್ಲಿ ಮೊದಲ 40 ದಿನಗಳ ಭ್ರೂಣಕ್ಕೆ ಪೂರ್ಣ ಮಾನವ ಸ್ಥಾನವಿಲ್ಲ. ಇಸ್ಲಾಮಿನ ಅನೇಕ ವಿದ್ವಾಂಸರು 120 ದಿನಗಳ ನಂತರ ಆತ್ಮಪ್ರವೇಶವೆಂದು ಹೇಳುತ್ತಾರೆ. ಹೇಗೂ ವಿಸರ್ಜಿಸಲಿರುವ ಭ್ರೂಣವು ರೋಗಿಗಳಿಗೆ ಉಪಕಾರವಾಗಲಿ ಎಂಬುದು ಸಂಶೋಧನೆಯ ಪರವಾದವರ ವಾದ.

ರಾಜಕೀಯವೂ ಇದಕ್ಕೆ ತಕ್ಕಂತೆ ಕವಲೊಡೆಯಿತು. ಬ್ರಿಟನ್ 1990ರ ಕಾನೂನಿನ ಮೂಲಕ ಹದಿನಾಲ್ಕು ದಿನಗಳವರೆಗಿನ ಭ್ರೂಣದ ಮೇಲೆ ಪರವಾನಗಿ ಪಡೆದು ಸಂಶೋಧನೆ ನಡೆಸಲು ಅವಕಾಶ ನೀಡಿತು. ಅದೇ ವರ್ಷ ಜರ್ಮನಿ ಭ್ರೂಣರಕ್ಷಣೆಯ ಕಠಿಣ ಕಾನೂನನ್ನು ಮಾಡಿತು. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ 2001ರ ಆಗಸ್ಟ್ 9ರಂದು, ಅದಾಗಲೇ ಬೆಳೆಸಲಾಗಿದ್ದ ಕೋಶಗಳ ಅಧ್ಯಯನಕ್ಕೆ ಮಾತ್ರ ಸರ್ಕಾರದ ಹಣವೆಂದು ಘೋಷಿಸಿದರು. ಅದನ್ನು ಸಡಿಲಿಸುವ ಮಸೂದೆಯನ್ನು 2006 ಮತ್ತು 2007ರಲ್ಲಿ ತಡೆದರು. 2009ರಲ್ಲಿ ಬರಾಕ್ ಒಬಾಮ ಆ ಮಿತಿಯನ್ನು ತೆಗೆದರು.

ವಿಜ್ಞಾನವೇ ಒಂದು ನಡುದಾರಿಯನ್ನೂ ತೋರಿತು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಮಾರ್ಪಡಿಸಿದರು. 2012ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಇಲ್ಲಿ ಭ್ರೂಣದ ನಾಶವಿಲ್ಲ. ಆದರೂ ಹೋಲಿಸಿ ನೋಡುವುದಕ್ಕೂ ಭ್ರೂಣದ ಆರಂಭದ ಬೆಳವಣಿಗೆಯನ್ನು ಅರಿಯುವುದಕ್ಕೂ ಭ್ರೂಣದ ಕೋಶಗಳು ಇಂದಿಗೂ ಬೇಕಾಗಿವೆ.

ನಮ್ಮ ದೇಶದಲ್ಲಿ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯಿದೆಯಂತೆ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅದು ತಾನಾಗಿ ನಶಿಸಲು ಬಿಡಬೇಕು. ಇಲ್ಲವೆ ದಂಪತಿಗಳ ಒಪ್ಪಿಗೆಯಿದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ದಾನ ಮಾಡಬಹುದು. ಮಾರಾಟ ಅಪರಾಧ.

ಆಯುರ್ವೇದವು ಏನು ಹೇಳುತ್ತದೆ? ಶುಕ್ರ, ಶೋಣಿತ, ಜೀವ ಈ ಮೂರೂ ಕುಕ್ಷಿಯಲ್ಲಿ ಕೂಡಿದಾಗ ಅದಕ್ಕೆ ಗರ್ಭವೆಂಬ ಹೆಸರು ಎಂಬುದು ಚರಕಸಂಹಿತೆಯ ಅಭಿಪ್ರಾಯ. ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗಿ, ಅದರೊಡನೆ ಚೇತನವೂ ವ್ಯಕ್ತವಾಗುತ್ತದೆಂದು ಸುಶ್ರುತನು ಹೇಳಿದ್ದಾನೆ. ಜೀವವು ಮೊದಲೇ ಸೇರಿದೆಯೆಂಬುದನ್ನು ಒಂದು ಪಕ್ಷವು ಹಿಡಿಯಬಹುದು. ಕುಕ್ಷಿಯ ಮಾತನ್ನು, ನಾಲ್ಕನೆಯ ತಿಂಗಳ ಮಾತನ್ನು ಇನ್ನೊಂದು ಪಕ್ಷವು ಹಿಡಿಯಬಹುದು. ಗಾಜಿನ ತಟ್ಟೆಯಲ್ಲಿ ಭ್ರೂಣ ಬೆಳೆಯುವುದನ್ನು ನಮ್ಮ ಆಚಾರ್ಯರು ಕಂಡವರಲ್ಲ. ಅವರನ್ನು ಯಾವುದೇ ಪಕ್ಷದ ಸಾಕ್ಷಿಯಾಗಿ ನಿಲ್ಲಿಸುವುದು ನ್ಯಾಯವಲ್ಲವೆಂದು ನನ್ನ ನಂಬಿಕೆ.

ಭಕ್ತರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಆಕರಕೋಶದ ಹೆಸರಿನಲ್ಲಿ ಬುದ್ಧಿಮಾಂದ್ಯತೆ, ಪಾರ್ಶ್ವವಾಯುಗಳನ್ನು ಗುಣಪಡಿಸುತ್ತೇವೆಂದು ಲಕ್ಷಾಂತರ ರೂಪಾಯಿ ಕೇಳುವವರಿದ್ದಾರೆ. ಹೊಲ ಮಾರಿ ಹಣ ಕೊಟ್ಟು ಬರಿಗೈಯಲ್ಲಿ ಮರಳಿದ ತಂದೆಯೊಬ್ಬರನ್ನು ನಾನು ಕಂಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅಂಗೀಕೃತ ಚಿಕಿತ್ಸೆಯೆಂದರೆ ರಕ್ತಸಂಬಂಧಿ ರೋಗಗಳಿಗೆ ಮಾಡುವ, ಅಸ್ಥಿಮಜ್ಜೆ ಮೊದಲಾದವುಗಳಿಂದ ಪಡೆದ ರಕ್ತೋತ್ಪಾದಕ ಆಕರಕೋಶಗಳ ಕಸಿ. ಆ ಮಾರ್ಗಸೂಚಿಯ ಪ್ರಕಾರ ಉಳಿದುದೆಲ್ಲವೂ ಪ್ರಯೋಗವಾಗಿತ್ತು. ಪ್ರಯೋಗಕ್ಕೆ ರೋಗಿಯಿಂದ ಶುಲ್ಕ ಪಡೆಯುವಂತಿಲ್ಲ. ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿರಿ.

ಆ ದಂಪತಿಗಳಿಗೆ ಪಾಪಪುಣ್ಯದ ತೀರ್ಪನ್ನು ನಾನು ನೀಡಲಿಲ್ಲ. ಭ್ರೂಣ ಯಾವ ಸಂಸ್ಥೆಗೆ ಹೋಗುತ್ತದೆ, ಯಾವ ಅಧ್ಯಯನಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ, ಇಬ್ಬರ ಮನಸ್ಸೂ ಒಂದಾಗುವವರೆಗೆ ಸಹಿ ಹಾಕಬೇಡಿರಿ ಎಂದಷ್ಟೇ ಹೇಳಿದೆ. ಅವಧಿಯು ಇನ್ನೂ ಇದೆ. ಅವರು ಕಾಗದವನ್ನು ಮಡಿಸಿಕೊಂಡು ಹೋದರು. ಇಂತಹ ಕಾಗದ ನಿಮ್ಮ ಮನೆಗೂ ಬಂದರೆ, ಓದದೆ ಸಹಿ ಮಾಡದಿರಿ.