ಇ-ಮೇಲ್ ಪೆಟ್ಟಿಗೆಯಿಂದ ದಾಖಲೆ ವಹಿಗೆ: ನಿಮ್ಮ ಅರ್ಜಿ ಸಾಗುವ ದಾರಿ



ವಿದ್ಯಾರ್ಥಿವೇತನದ ಪತ್ರವ್ಯವಹಾರವನ್ನು ಗಣಕೀಕರಿಸಲಾಗಿದೆ ಎಂದು ಕಾರ್ಯದರ್ಶಿಗಳ ವರದಿಯಲ್ಲಿ ಒಂದು ಸಾಲು ಇದೆ. ಆ ಸಾಲಿನ ಅರ್ಥವೇನು, ಅರ್ಜಿ ಹಾಕುವ ಮನೆಯವರಿಗೆ ಅದರಿಂದ ಏನು ಬದಲಾಗುತ್ತದೆ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಲು ಸಮಿತಿಯವರು ನನಗೆ ಹೇಳಿದರು. ನಾನು ಕಂಪ್ಯೂಟರ್ ಓದಿದವನಲ್ಲ. ಪ್ರೌಢಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಆದರೆ ವಹಿ ಬರೆಯುವ ಕೆಲಸ ನನಗೆ ಗೊತ್ತು. ಇದೂ ಮೂಲತಃ ಅದೇ ಕೆಲಸ.

ಹಿಂದೆ ಶಾಲೆಯ ಕಚೇರಿಯಲ್ಲಿ ಆವಕ-ಜಾವಕ ವಹಿ ಎಂದು ಇರುತ್ತಿತ್ತು. ಟಪಾಲು ಬಂದರೆ ಗುಮಾಸ್ತರು ಅದಕ್ಕೆ ಕ್ರಮಸಂಖ್ಯೆ ಮತ್ತು ದಿನಾಂಕ ಹಾಕುತ್ತಿದ್ದರು. ಯಾರಿಂದ ಬಂತು, ಯಾವ ವಿಷಯ ಎಂದು ವಹಿಯಲ್ಲಿ ಬರೆದ ಮೇಲೆಯೇ ಕಾಗದವನ್ನು ಕಡತಕ್ಕೆ ಸೇರಿಸುತ್ತಿದ್ದರು. ಪತ್ರ ಬೀಳುವ ಪೆಟ್ಟಿಗೆ, ಬರೆದಿಡುವ ವಹಿ, ಇವೆರಡರ ನಡುವೆ ಓಡಾಡುವ ಗುಮಾಸ್ತ: ಇಷ್ಟೇ ವ್ಯವಸ್ಥೆ. ಈಗ ನಮ್ಮ ಟ್ರಸ್ಟ್‌ನಲ್ಲಿ ಪೆಟ್ಟಿಗೆಯ ಜಾಗದಲ್ಲಿ ಜಿಮೇಲ್ ಇದೆ. ವಹಿಯ ಜಾಗದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ. ನಡುವಿನ ಗುಮಾಸ್ತನ ಹೆಸರು ಎನ್‌ಎಯ್ಟ್‌ಎನ್. ಉಚ್ಚರಿಸಲು ಕಷ್ಟ, ನಮ್ಮ ಕಚೇರಿಯಲ್ಲಿ ಎಲ್ಲರೂ ಅದನ್ನು ಗುಮಾಸ್ತ ಎಂದೇ ಕರೆಯುತ್ತೇವೆ. ಇದು 2019ರಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾದ ತಂತ್ರಾಂಶ. ಜ್ಯಾಪಿಯರ್, ಮೇಕ್ ಎಂಬ ಇಂಥದೇ ಸೇವೆಗಳಿವೆ. ಅವು ತಮ್ಮದೇ ಸರ್ವರ್‌ಗಳಲ್ಲಿ ನಡೆಯುತ್ತವೆ. ಇದನ್ನು ನಮ್ಮದೇ ಯಂತ್ರದಲ್ಲಿ ಹಾಕಿಕೊಂಡು, ನಮ್ಮ ಒಳಗಿನ ಕೆಲಸಕ್ಕೆ ಶುಲ್ಕವಿಲ್ಲದೆ ಬಳಸಬಹುದು. ಮಕ್ಕಳ ಬ್ಯಾಂಕ್ ವಿವರ ಹೊರಗಿನ ಇನ್ನೊಂದು ಕಂಪನಿಯ ಕೈಗೆ ಹೋಗಬಾರದೆಂಬ ಕಾರಣಕ್ಕೆ ಸಮಿತಿ ಇದನ್ನು ಆರಿಸಿತು.

ಇದರಲ್ಲಿ ಬೆರಗಾಗುವಂಥ ಹೊಸತೇನೂ ಇಲ್ಲ. ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಪಟ್ಟಿಗಳಲ್ಲಿಟ್ಟು ಒಂದನ್ನೊಂದು ಜೋಡಿಸಬಹುದು ಎಂದು ಐ.ಬಿ.ಎಂ.ನ ಎಡ್ಗರ್ ಕಾಡ್ ಅವರು ತೋರಿಸಿದ್ದು 1970ರಲ್ಲಿ. ರೇ ಟಾಮ್ಲಿನ್ಸನ್ ಅವರು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮೊದಲ ಇ-ಮೇಲ್ ಕಳಿಸಿದ್ದು 1971ರಲ್ಲಿ. ಎರಡೂ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಿನ ವಿದ್ಯೆಗಳು.

ಗುಮಾಸ್ತ ನಿಮಿಷಕ್ಕೊಮ್ಮೆ ಪೆಟ್ಟಿಗೆ ಇಣುಕಿ ನೋಡುತ್ತಾನೆ. ಹೊಸ ಪತ್ರ ಇದ್ದರೆ ಕಳಿಸಿದವರ ವಿಳಾಸ, ದಿನಾಂಕ, ವಿಷಯದ ಸಾಲು ಇವನ್ನು ತೆಗೆದುಕೊಳ್ಳುತ್ತಾನೆ. ವಿಷಯದ ಸಾಲಿನಲ್ಲಿ ಅರ್ಜಿ ಸಂಖ್ಯೆ ಇದೆಯೇ ಎಂದು ಹುಡುಕುತ್ತಾನೆ. ಇದ್ದರೆ ವಹಿಯಲ್ಲಿ ಆ ಅರ್ಜಿಯ ಕೆಳಗೆ ಒಂದು ಸಾಲು ಬರೆಯುತ್ತಾನೆ, ಲಗತ್ತಿಸಿದ ಅಂಕಪಟ್ಟಿ ಮುಂತಾದವನ್ನು ಆ ಅರ್ಜಿಯ ಕಡತದಲ್ಲಿ ಇಡುತ್ತಾನೆ. ಎಲ್ಲ ಮುಗಿದ ಮೇಲೆ ನಿಮಗೆ ಸ್ವೀಕೃತಿ ಕಳಿಸುತ್ತಾನೆ.

ಈ ಕ್ರಮವನ್ನು ದಯವಿಟ್ಟು ಗಮನಿಸಿ: ಮೊದಲು ವಹಿ, ಆಮೇಲೆ ಸ್ವೀಕೃತಿ. ಇದನ್ನು ತಿರುಗಿಸಿ ಇಟ್ಟರೆ, ವಹಿಯಲ್ಲಿ ಬರೆಯುವಷ್ಟರಲ್ಲಿ ಕರೆಂಟ್ ಹೋದರೂ ಸ್ವೀಕೃತಿ ಮಾತ್ರ ನಿಮ್ಮ ಮನೆ ಸೇರಿರುತ್ತದೆ. ಅರ್ಜಿ ತಲುಪಿತೆಂದು ನೀವು ನೆಮ್ಮದಿಯಿಂದ ಇರುತ್ತೀರಿ, ಇಲ್ಲಿ ಏನೂ ಇರುವುದಿಲ್ಲ. ಕೊನೆಯ ದಿನಾಂಕ ಕಳೆದ ಮೇಲೆ ಮಗುವಿನ ಒಂದು ವರ್ಷದ ಫೀಸಿನ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ನಮ್ಮ ಸ್ವೀಕೃತಿಗೆ ಇರುವುದು ಒಂದೇ ಅರ್ಥ: ನಿಮ್ಮ ಪತ್ರ ವಹಿಯಲ್ಲಿ ದಾಖಲಾಗಿದೆ. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂಬ ಅರ್ಥ ಅದಕ್ಕಿಲ್ಲ. ಮಂಜೂರು ಮಾಡುವವರು ಅರ್ಜಿಗಳನ್ನು ಓದಿ, ಮನೆಯವರೊಂದಿಗೆ ಮಾತಾಡುವ ಸಮಿತಿಯ ಸದಸ್ಯರು. ಆ ಕೆಲಸವನ್ನು ಯಂತ್ರಕ್ಕೆ ಕೊಟ್ಟಿಲ್ಲ, ಕೊಡುವ ಯೋಚನೆಯೂ ಇಲ್ಲ.

ಒಂದೇ ಪತ್ರವನ್ನು ಗುಮಾಸ್ತ ಎರಡು ಸಲ ಬರೆದುಬಿಟ್ಟರೆ? ಹಿಂದೆ ರಿಜಿಸ್ಟರ್ಡ್ ಪೋಸ್ಟಿಗೆ ಸಂಖ್ಯೆ ಇರುತ್ತಿದ್ದಂತೆ ಪ್ರತಿ ಇ-ಮೇಲ್‌ಗೂ ಅದರದೇ ಒಂದು ಗುರುತು ಇರುತ್ತದೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದೇ ಗುರುತು ಎರಡನೇ ಸಲ ಬಂದರೆ ವಹಿ ಸ್ವೀಕರಿಸುವುದಿಲ್ಲ.

ಇನ್ನು ಅರ್ಜಿ ಸಂಖ್ಯೆಯ ಮಾತು. ಹೆಸರು ಬರೆದಿದ್ದೇವಲ್ಲ, ಸಂಖ್ಯೆ ಯಾಕೆ ಎಂದು ಹಲವರು ಕೇಳುತ್ತಾರೆ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್, ಬರೀ ಎಂ.ಡಿ.: ಒಬ್ಬನೇ ಹುಡುಗನ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ, ಪಾಸ್‌ಬುಕ್‌ನಲ್ಲಿ ಮತ್ತೊಂದು ರೀತಿ ಇರುತ್ತದೆ. ಮನುಷ್ಯನಿಗೆ ಇವೆಲ್ಲ ಒಂದೇ ಎಂದು ಗೊತ್ತಾಗುತ್ತದೆ. ಡೇಟಾಬೇಸಿಗೆ ಒಂದು ಅಕ್ಷರ ಬದಲಾದರೂ ಬೇರೆ ಹುಡುಗ. ತಿರುಗಾಮುರುಗಾ ಆಗುವುದೂ ಉಂಟು. ಒಂದೇ ತರಗತಿಯಲ್ಲಿ ಇಬ್ಬರು ಆಯಿಷಾ ಇದ್ದರೆ ಹಾಜರಿ ಕೂಗುವಾಗ ತಂದೆಯ ಹೆಸರು ಸೇರಿಸುತ್ತಿದ್ದೆವು. ಇಬ್ಬರ ತಂದೆಯೂ ಅಬ್ದುಲ್ ಖಾದರ್ ಆಗಿಬಿಟ್ಟರೆ ದಾಖಲಾತಿ ಸಂಖ್ಯೆಯೇ ಗತಿ. ಅದಕ್ಕಾಗಿಯೇ ಶಾಲೆಯ ದಾಖಲಾತಿ ವಹಿಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ, ಟಿ.ಸಿ.ಯಲ್ಲೂ ಅದೇ ಸಂಖ್ಯೆ. ಡೇಟಾಬೇಸ್ ನಡೆಯುವುದೂ ಹೀಗೆಯೇ. ಅರ್ಜಿ ಪಟ್ಟಿ, ಪತ್ರಗಳ ಪಟ್ಟಿ, ಹಣ ಸಂದಾಯದ ಪಟ್ಟಿ ಬೇರೆ ಬೇರೆ ಇರುತ್ತವೆ. ಅವನ್ನು ಒಂದಕ್ಕೊಂದು ಕಟ್ಟುವ ದಾರ ಅರ್ಜಿ ಸಂಖ್ಯೆ ಮಾತ್ರ.

ಇ-ಮೇಲ್ ವಿಳಾಸದಿಂದ ಗುರುತಿಸಬಹುದಲ್ಲ ಎಂದರೆ, ಅದೂ ಆಗದು. ಮೂವರು ಮಕ್ಕಳಿರುವ ಮನೆಯಲ್ಲಿ ಅಣ್ಣನ ಮೊಬೈಲಿನಲ್ಲಿರುವ ಒಂದೇ ವಿಳಾಸದಿಂದ ಮೂರು ಅರ್ಜಿ ಬರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಸೈಬರ್ ಸೆಂಟರಿನದು. ಅಂಗಡಿಯವರು ಅವಸರದಲ್ಲಿ ತಮ್ಮದೇ ವಿಳಾಸ ಹಾಕಿ ಹತ್ತಾರು ಮಕ್ಕಳ ಅರ್ಜಿ ಕಳಿಸುತ್ತಾರೆ. ಉಪಕಾರಕ್ಕಾಗಿಯೇ ಮಾಡುವುದು, ಅವರನ್ನು ದೂರುವಂತಿಲ್ಲ. ಆದರೆ ನಿಮ್ಮ ಅಂಕಪಟ್ಟಿ ಸ್ಪಷ್ಟವಾಗಿಲ್ಲ, ಇನ್ನೊಮ್ಮೆ ಕಳಿಸಿ ಎಂದು ನಾವು ಬರೆದ ಉತ್ತರ ಆ ಅಂಗಡಿಯ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಮನೆಯವರು ಕಾಯುತ್ತಲೇ ಇರುತ್ತಾರೆ, ನಾವೂ ಕಾಯುತ್ತಲೇ ಇರುತ್ತೇವೆ. ಅರ್ಜಿ ಎಲ್ಲಿಂದ ಕಳಿಸಿದರೂ ಸರಿ, ಅದರಲ್ಲಿ ಮನೆಯವರು ತೆರೆದು ನೋಡುವ ವಿಳಾಸವೇ ಇರಲಿ. ಮನೆಯಲ್ಲಿ ಯಾರಿಗೂ ಇ-ಮೇಲ್ ಇಲ್ಲದಿದ್ದರೆ ಸಂಕೋಚ ಬೇಡ, ಕಾಗದದ ಅರ್ಜಿಯನ್ನು ಕಚೇರಿಗೆ ತಂದುಕೊಡಿ. ಅದನ್ನು ನಾವೇ ಅದೇ ವಹಿಯಲ್ಲಿ ಟೈಪ್ ಮಾಡುತ್ತೇವೆ, ಅದಕ್ಕೂ ಅದೇ ಸಾಲಿನ ಸಂಖ್ಯೆ ಸಿಗುತ್ತದೆ.

ಸಂಖ್ಯೆ ಇಲ್ಲದೆ ಬಂದ ಪತ್ರವನ್ನು ಗುಮಾಸ್ತ ಎಸೆಯುವುದಿಲ್ಲ. ಊಹೆ ಮಾಡಿ ಯಾರದೋ ಅರ್ಜಿಗೆ ಸೇರಿಸುವುದೂ ಇಲ್ಲ. ‘ವಿಂಗಡಣೆಗೆ’ ಎಂಬ ಪಟ್ಟಿಯಲ್ಲಿ ಇಡುತ್ತಾನೆ. ಕಚೇರಿಯಲ್ಲಿ ಒಬ್ಬರು ದಿನಾ ಕೂತು ಅದನ್ನು ಓದಿ, ಬೇಕಾದರೆ ಫೋನ್ ಮಾಡಿ, ಸರಿಯಾದ ಅರ್ಜಿಗೆ ಜೋಡಿಸುತ್ತಾರೆ.

ಹಣ ತಪ್ಪು ಖಾತೆಗೆ ಹೋಗಬಾರದು ಎಂಬುದು ದಾನಿಗಳಿಗೂ ಪೋಷಕರಿಗೂ ಸಮಾನವಾದ ಚಿಂತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಖಾತೆ ಸಂಖ್ಯೆ ನೋಡಲು ಸಂಖ್ಯೆಯಂತಿದ್ದರೂ ಅದನ್ನು ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಹೆಸರಿನ ಹಾಗೆ ಒಂದು ಗುರುತು. ಎಕ್ಸೆಲ್ ಹಾಳೆಗೆ ಇದು ತಿಳಿಯದು. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆ ಬರೆದರೆ, ಮುಂದಿನ ಸೊನ್ನೆಗೆ ಬೆಲೆಯಿಲ್ಲ ಎಂದು ಅಳಿಸಿಹಾಕುತ್ತದೆ. ಗಣಿತದ ಪ್ರಕಾರ ಅದು ಸರಿಯೇ! ಇನ್ನು ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆಯಲ್ಲಿ 16 ಅಂಕಿಗಳಿವೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಡುತ್ತದೆ, ಹದಿನಾರನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಹಾಗಾಗಿ ನಮ್ಮ ಡೇಟಾಬೇಸಿನಲ್ಲಿ ಖಾತೆ ಸಂಖ್ಯೆಯ ಕಾಲಂ ಅಕ್ಷರಗಳ ಕಾಲಂ, ಅಂಕಿಗಳದ್ದಲ್ಲ. ನೀವು ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಐ.ಎಫ್.ಎಸ್.ಸಿ. ಸಂಕೇತದಲ್ಲಿ 11 ಅಕ್ಷರಗಳಿರಬೇಕು, ಐದನೆಯದು ಯಾವಾಗಲೂ ಸೊನ್ನೆ. ಅನೇಕರು ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬರೆಯುತ್ತಾರೆ. ಗುಮಾಸ್ತ ಇದನ್ನು ಪರೀಕ್ಷಿಸಿ, ತಪ್ಪಿದ್ದರೆ ಅಂದೇ ನಿಮಗೆ ತಿಳಿಸುತ್ತಾನೆ. ಆದರೆ ಖಾತೆ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾಗಿದ್ದರೆ ಅದು ಅವನಿಗೆ ಗೊತ್ತಾಗದು. ಅದಕ್ಕೇ ಪಾಸ್‌ಬುಕ್‌ನ ಮೊದಲ ಪುಟದ ಚಿತ್ರ ಕೇಳುತ್ತೇವೆ, ಹಣ ಕಳಿಸುವ ಮುನ್ನ ಇಬ್ಬರು ಅದನ್ನು ಕಣ್ಣಾರೆ ತಾಳೆ ನೋಡುತ್ತಾರೆ.

ಗುಮಾಸ್ತ ಕಾಯಿಲೆ ಬಿದ್ದರೆ? ಶಾಲೆಯ ಗುಮಾಸ್ತರು ಬಾರದಿದ್ದರೆ ಖಾಲಿ ಕುರ್ಚಿ ಕಾಣುತ್ತದೆ, ಇವನ ಕುರ್ಚಿ ಕಾಣುವುದಿಲ್ಲ. ಜಿಮೇಲ್ ತೆರೆಯಲು ನಾವು ಅವನಿಗೆ ಪಾಸ್‌ವರ್ಡ್ ಕೊಟ್ಟಿಲ್ಲ. ಗೂಗಲ್ ಮೂಲಕ ಒಂದು ಅನುಮತಿ ಕೊಟ್ಟಿದ್ದೇವೆ, ಬೇಡವೆಂದಾಗ ಅದನ್ನು ಹಿಂತೆಗೆದುಕೊಳ್ಳಬಹುದು. ಸುರಕ್ಷತೆಗೆ ಇದು ಒಳ್ಳೆಯದು. ಆದರೆ ಪೆಟ್ಟಿಗೆಯ ಪಾಸ್‌ವರ್ಡ್ ಬದಲಿಸಿದರೆ ಆ ಅನುಮತಿ ರದ್ದಾಗುತ್ತದೆ. ಜೋಡಣೆ ಇನ್ನೂ ‘ಪರೀಕ್ಷಾ ಹಂತ’ ಎಂದು ಗುರುತಾಗಿದ್ದರೆ 7 ದಿನಕ್ಕೆ ತಾನಾಗಿಯೇ ಮುಗಿಯುತ್ತದೆ. ಆಮೇಲೆ ಪತ್ರಗಳು ಪೆಟ್ಟಿಗೆಗೆ ಬೀಳುತ್ತಲೇ ಇರುತ್ತವೆ, ವಹಿಯಲ್ಲಿ ಮಾತ್ರ ಒಂದು ಸಾಲೂ ಏರುವುದಿಲ್ಲ. ಕೆಲಸ ನಿಂತರೆ ಕಾರ್ಯದರ್ಶಿಗಳ ಮೊಬೈಲಿಗೆ ಎಚ್ಚರಿಕೆ ಬರುವಂತೆ ಮಾಡಲಾಗಿದೆ. ನಾನು ಅದನ್ನಷ್ಟೇ ನಂಬಿ ಕೂರುವವನಲ್ಲ. ಅರ್ಜಿಯ ತಿಂಗಳುಗಳಲ್ಲಿ ದಿನಾ ಸಂಜೆ ಪೆಟ್ಟಿಗೆಯಲ್ಲಿ ಬಂದ ಪತ್ರ ಎಷ್ಟು, ವಹಿಯಲ್ಲಿ ಏರಿದ ಸಾಲು ಎಷ್ಟು ಎಂದು ತಾಳೆ ಹಾಕುವ ಪದ್ಧತಿ ಇಟ್ಟಿದ್ದೇವೆ. ಹಾಜರಿ ಪುಸ್ತಕದ ಕೆಳಗೆ ಒಟ್ಟು ಬರೆಯುವ ಅಭ್ಯಾಸ ಇದ್ದವರಿಗೆ ಇದು ಐದು ನಿಮಿಷದ ಕೆಲಸ.

ದಾನಿಗಳಿಗೆ ಎರಡು ಮಾತು. ನಿಮ್ಮ ರಸೀದಿಗಳೂ ಇದೇ ದಾರಿಯಲ್ಲಿ ಬರುತ್ತವೆ. ದಾನದ ಪಟ್ಟಿಯಲ್ಲಿ ಉದ್ದೇಶದ ಕಾಲಂ ಕಡ್ಡಾಯ. ಜಕಾತ್, ಸದಕಾ, ಸಾಮಾನ್ಯ ದೇಣಿಗೆ ಇವುಗಳಲ್ಲಿ ಒಂದನ್ನು ನಮೂದಿಸದೆ ವಹಿ ಆ ಸಾಲನ್ನು ಒಳಗೆ ಬಿಡುವುದಿಲ್ಲ. ಜಕಾತ್ ಹಣ ಬೇರೆ ಲೆಕ್ಕದೊಂದಿಗೆ ಬೆರೆಯಬಾರದು ಎಂಬುದನ್ನು ಯಾರೋ ನೆನಪಿಟ್ಟುಕೊಳ್ಳಬೇಕಾದ ಸ್ಥಿತಿ ಈಗ ಇಲ್ಲ. ಯಂತ್ರದ ಬಾಡಿಗೆಯನ್ನು ವಿದ್ಯಾರ್ಥಿವೇತನದ ನಿಧಿಯಿಂದ ಕೊಟ್ಟಿಲ್ಲ. ಲೆಕ್ಕಪತ್ರದಲ್ಲಿ ಆಡಳಿತ ವೆಚ್ಚದ ಕೆಳಗೆ ಅದನ್ನು ಬೇರೆಯಾಗಿ ತೋರಿಸಲಾಗಿದೆ.

ಮಕ್ಕಳ ವಿವರಗಳ ವಿಷಯದಲ್ಲಿ ಕಾನೂನೂ ಈಗ ಎಚ್ಚರಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ಅರ್ಜಿಯ ಕೊನೆಯಲ್ಲಿರುವ ಸಹಿಯ ಜಾಗ ಅದಕ್ಕಾಗಿ. ಆಧಾರ್ ಪ್ರತಿ ಕಳಿಸುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನೇ ಕಳಿಸಿ, ನಮಗೆ ಅಷ್ಟು ಸಾಕು. ನಮ್ಮ ಕಚೇರಿಯಿಂದ ಬರುವ ಯಾವ ಪತ್ರವೂ ಓ.ಟಿ.ಪಿ. ಕೇಳುವುದಿಲ್ಲ, ಅರ್ಜಿ ಶುಲ್ಕ ಕೇಳುವುದಿಲ್ಲ. ಕೇಳಿದರೆ ಅದು ನಮ್ಮದಲ್ಲ.

ಫಲಿತಾಂಶದ ಸಮಯದಲ್ಲಿ ಪ್ರತಿ ವರ್ಷ ಆಗುವ ಗಾಬರಿಯೊಂದಿದೆ. ಪಕ್ಕದ ಮನೆಯ ಹುಡುಗಿಗೆ ಪತ್ರ ಬಂತು, ನಮಗೆ ಬಂದಿಲ್ಲ ಎಂದು ತಾಯಂದಿರು ಕಚೇರಿಗೆ ಓಡಿ ಬರುತ್ತಾರೆ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಪತ್ರಗಳಿಗಿಂತ ಹೆಚ್ಚು ಕಳಿಸಲು ಗೂಗಲ್ ಬಿಡುವುದಿಲ್ಲ. ಆ ಮಿತಿಗೆ ತಾಗದಂತೆ ಗುಮಾಸ್ತ ಪತ್ರಗಳನ್ನು ಕಂತುಕಂತಾಗಿ, ಅರ್ಜಿ ಸಂಖ್ಯೆಯ ಕ್ರಮದಲ್ಲಿ ಕಳಿಸುತ್ತಾನೆ. ಆಯ್ಕೆಯಾದವರಿಗೆ ಮೊದಲು, ಆಗದವರಿಗೆ ಆಮೇಲೆ ಎಂಬ ಭೇದ ಇಲ್ಲ. ಆಯ್ಕೆಯಾಗದವರಿಗೂ ಪತ್ರ ಬಂದೇ ಬರುತ್ತದೆ.

ಅರ್ಜಿ ಕಳಿಸಿ ಎರಡು ದಿನವಾದರೂ ಸ್ವೀಕೃತಿ ಕಾಣದಿದ್ದರೆ ಮೊದಲು ಸ್ಪ್ಯಾಮ್ ಎಂಬ ಪೆಟ್ಟಿಗೆ ತೆರೆದು ನೋಡಿ. ಅಲ್ಲಿದ್ದರೆ ‘ಸ್ಪ್ಯಾಮ್ ಅಲ್ಲ’ ಎಂಬುದನ್ನು ಒತ್ತಿ, ಮುಂದಿನ ಪತ್ರಗಳು ಸರಿಯಾದ ಜಾಗಕ್ಕೆ ಬರಲು ಅದು ನೆರವಾಗುತ್ತದೆ. ಲಗತ್ತುಗಳೆಲ್ಲ ಸೇರಿ 25 ಎಂ.ಬಿ. ಮೀರಿದ್ದರೆ ಅವು ಪತ್ರದ ಜೊತೆ ಲಗತ್ತಾಗಿ ನಮ್ಮನ್ನು ತಲುಪದೆ ಇರಬಹುದು. ಫೋಟೋಗಳನ್ನು ಚಿಕ್ಕದು ಮಾಡಿ ಮತ್ತೆ ಕಳಿಸಿ. ಎರಡೂ ಅಲ್ಲದಿದ್ದರೆ ಅದೇ ಅರ್ಜಿಯನ್ನು ನಾಲ್ಕು ಸಲ ಕಳಿಸುವ ಬದಲು ಕಚೇರಿಗೆ ಫೋನ್ ಮಾಡಿ. ಕೈಯಲ್ಲಿ ಅರ್ಜಿ ಸಂಖ್ಯೆ ಇರಲಿ. ಅದು ಅರ್ಜಿ ನಮೂನೆಯ ಮೇಲ್ಭಾಗದಲ್ಲಿ, ಬಲಗಡೆ ಮುದ್ರಿಸಿದೆ. ಕೊನೆಯ ದಿನಾಂಕ ಮತ್ತು ಕಚೇರಿಯ ವೇಳೆ ಈ ವರದಿಯ ಹಿಂಬದಿಯ ಪುಟದಲ್ಲಿವೆ.