ಬೆಕ್ಕನ್ನು ಓಡಿಸಬೇಡಿ, ಈಳಿಗೆಮಣೆ ತೊಳೆಯಿರಿ

ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಕುರಿಮಂದೆ ಕಾಣದ ಊರು ಅಪರೂಪ. ಕುರಿ ಕಂದು ಹಾಕಿದರೆ ಅದಕ್ಕೆ ಕಾರಣ ಹಲವು ಇರಬಹುದು. ಅವುಗಳಲ್ಲಿ ಒಂದು ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಜೀವಿ. ಸತ್ತ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿ ಹಾಕುವ ಕೆಲಸ ಎಷ್ಟೋ ಮನೆಗಳಲ್ಲಿ ಹೆಂಗಸರದೇ. ಆಕೆ ಬಸುರಿಯಾಗಿದ್ದರೆ ಈ ಕೆಲಸ ಬೇರೆಯವರಿಗೆ ಹೋಗಲೇಬೇಕು. ಕುರಿಯ ಗರ್ಭ ಕೆಡಿಸಿದ ಜೀವಿಯೇ ಆಕೆಯ ಗರ್ಭಕ್ಕೂ ದಾಟಬಲ್ಲದು.

ಈ ಜೀವಿ ಮೊದಲು ಕಣ್ಣಿಗೆ ಬಿದ್ದದ್ದು 1908ರಲ್ಲಿ, ಟ್ಯೂನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ, ಇಲಿಯಂಥ ಒಂದು ಕಾಡುಪ್ರಾಣಿಯ ದೇಹದೊಳಗೆ. ಆದರೆ ಅದು ಹರಡುವ ಮೂಲ ಎಲ್ಲಿದೆ ಎಂದು ತಿಳಿಯಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಅದರ ಗಂಡು ಹೆಣ್ಣು ಕೂಡುವುದು ಬೆಕ್ಕಿನ ಕರುಳಿನಲ್ಲಿ ಎಂದು 1970ರ ಹೊತ್ತಿಗೆ ಖಚಿತವಾಯಿತು. ಆ ಶೋಧದಲ್ಲಿ ಭಾರತದಲ್ಲಿ ಹುಟ್ಟಿ ಬೆಳೆದ ಪಶುವೈದ್ಯ ವಿಜ್ಞಾನಿ ಜಿತೇಂದರ್ ದುಬೆ ಅವರ ಪಾಲೂ ಇದೆ. ಹುಲಿ, ಚಿರತೆ ಸೇರಿ ಬೆಕ್ಕಿನ ಕುಲವೇ ಏಕೆ? ಇದಕ್ಕೆ ಉತ್ತರ ಸಿಕ್ಕಿದ್ದು 2019ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಧಾರಾಳವಾಗಿರುವ ಲಿನೋಲಿಯಿಕ್ ಆಮ್ಲವನ್ನು ಬದಲಾಯಿಸುವ ಒಂದು ಕಿಣ್ವ ಬೆಕ್ಕಿನ ಕರುಳಿನಲ್ಲಿ ಇಲ್ಲ. ಹಾಗಾಗಿ ಆ ಆಮ್ಲ ಅಲ್ಲಿ ಹಾಗೇ ಉಳಿಯುತ್ತದೆ. ಟಾಕ್ಸೊಪ್ಲಾಸ್ಮಾಕ್ಕೆ ಬೇಕಾದದ್ದೂ ಅದೇ.

ಸೋಂಕಿರುವ ಇಲಿಯನ್ನು ತಿಂದ ಬೆಕ್ಕು ಒಂದೆರಡು ವಾರ ಈ ಜೀವಿಯ ಲಕ್ಷಗಟ್ಟಲೆ ಮೊಟ್ಟೆಕೋಶಗಳನ್ನು ಹೇಲಿನಲ್ಲಿ ಹೊರಹಾಕುತ್ತದೆ. ಸಾಮಾನ್ಯವಾಗಿ ಅದರ ಆಯುಷ್ಯದಲ್ಲಿ ಇದು ಒಂದೇ ಸಲ. ಆಗತಾನೇ ಬಿದ್ದ ಹೇಲು ಅಪಾಯವಲ್ಲ. ಒಂದರಿಂದ ಐದು ದಿನ ಗಾಳಿಗೆ ಬಿದ್ದ ಮೇಲೆ ಮೊಟ್ಟೆಕೋಶಗಳು ಪಕ್ವವಾಗುತ್ತವೆ. ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೀರಿ ಬದುಕುತ್ತವೆ. ಮನೆ ಕಟ್ಟಲೆಂದು ಬೀದಿಯಲ್ಲಿ ಸುರಿದ ಮರಳಿನ ಗುಡ್ಡೆ ಬೆಕ್ಕಿಗೆ ಬಲು ಇಷ್ಟ. ಕೆರೆದು, ಹೇತು, ಮುಚ್ಚಿ ಹೋಗುತ್ತದೆ. ಅದೇ ಮರಳನ್ನು ಜರಡಿ ಹಿಡಿಯುವ ಕೈ, ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತ ಕೈ, ಸೋಪು ಕಾಣದೆ ಬುತ್ತಿ ಬಿಚ್ಚಿದರೆ ಸಾಕು. ಬೆಕ್ಕಿನ ಮೈ ಸವರಿದ್ದಕ್ಕಿಂತ ಈ ಮಣ್ಣೇ ದೊಡ್ಡ ದಾರಿ. ಆದ್ದರಿಂದ ಸೊಸೆ ಬಸುರಿಯಾದಳೆಂದು ಸಾಕಿದ ಬೆಕ್ಕನ್ನು ಊರಾಚೆ ಬಿಟ್ಟು ಬರುವುದರಲ್ಲಿ ಅರ್ಥವಿಲ್ಲ. ಅದರ ಹೇಲನ್ನು ಮನೆಯ ಬೇರೆ ಯಾರಾದರೂ ದಿನವೂ ಬಳಿದು ಹಾಕಲಿ.

ಇನ್ನೊಂದು ದಾರಿ ಮಾಂಸ. ಕುರಿ, ಮೇಕೆಯ ಸ್ನಾಯುವಿನಲ್ಲಿ ಈ ಜೀವಿ ಗಂಟುಕಟ್ಟಿ ಕೂತಿರುತ್ತದೆ. 67 ಡಿಗ್ರಿ ಸೆಲ್ಸಿಯಸ್ ಕಾವು ಅದನ್ನು ಕೊಲ್ಲುತ್ತದೆ. ಕುದಿಯುವ ಸಾರಿನ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಕೈಮಾ ಉಂಡೆಗೆ ಉಪ್ಪು ಹಿಡಿದಿದೆಯೇ ಎಂದು ಹಸಿಯದನ್ನೇ ನಾಲಿಗೆಗೆ ಇಟ್ಟು ನೋಡುವ ಅಭ್ಯಾಸದ ಬಗ್ಗೆ, ಕೆಂಡದ ಮೇಲೆ ಅರೆಬರೆ ಸುಟ್ಟ ಈಲಿಯ ಬಗ್ಗೆ, ಮಾಂಸ ಹೆಚ್ಚಿದ ಈಳಿಗೆಮಣೆಯನ್ನು ಬರೀ ಒರೆಸಿ ಅದರಲ್ಲೇ ಸೌತೆಕಾಯಿ ಹೆಚ್ಚುವುದರ ಬಗ್ಗೆ.

ಬಸುರಿನಲ್ಲಿ ಹೊಸದಾಗಿ ಸೋಂಕು ತಗುಲಿದಾಗ ತಾಯಿಗೆ ಬಹುಪಾಲು ಏನೂ ಗೊತ್ತಾಗುವುದಿಲ್ಲ. ಸಣ್ಣ ಜ್ವರ ಬರಬಹುದು, ಕತ್ತಿನಲ್ಲಿ ಗಡ್ಡೆ ಏಳಬಹುದು, ಅಷ್ಟೆ. ಮೊದಲ ಮೂರು ತಿಂಗಳಲ್ಲಿ ಅದು ಮಗುವಿಗೆ ದಾಟುವುದು ಕಡಿಮೆ. ದಾಟಿದರೆ ಹಾನಿ ಹೆಚ್ಚು. ಗರ್ಭ ಇಳಿಯಬಹುದು, ಮಗುವಿನ ತಲೆಯಲ್ಲಿ ನೀರು ತುಂಬಬಹುದು. ಕೊನೆಯ ತಿಂಗಳುಗಳಲ್ಲಿ ದಾಟುವುದು ಹೆಚ್ಚು, ಹುಟ್ಟಿದಾಗ ಮಗು ಬಹುಪಾಲು ಚೆನ್ನಾಗಿಯೇ ಕಾಣುತ್ತದೆ. ಕಣ್ಣಿನ ತೊಂದರೆ ವರ್ಷಗಳ ಮೇಲೆ ತಲೆ ಎತ್ತಬಹುದು.

ನನಗೆ ನಿಜಕ್ಕೂ ಸಂಕಟವಾಗುವುದು ಲ್ಯಾಬಿನ ಚೀಟಿಯ ವಿಷಯದಲ್ಲಿ. ಎರಡು ಸಲ ಗರ್ಭ ನಿಲ್ಲದ ಹೆಣ್ಣುಮಗಳಿಗೆ, ಗರ್ಭವನ್ನು ಕಾಡುವ ಸೋಂಕುಗಳನ್ನು ಹುಡುಕುವ 'ಟಾರ್ಚ್ ಟೆಸ್ಟ್' ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಟಾಕ್ಸೊಪ್ಲಾಸ್ಮಾ ವಿರುದ್ಧ ಮೈ ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಬರುತ್ತದೆ. ದೋಷ ಅವಳಲ್ಲೇ ಇದೆ ಎಂದು ಮನೆಯವರು ತೀರ್ಮಾನಿಸುತ್ತಾರೆ. ಇದು ಅನ್ಯಾಯ. ಐಜಿಜಿ ಇದ್ದು, ಸೋಂಕಿನ ಆರಂಭದಲ್ಲಿ ಏಳುವ ಐಜಿಎಂ ಎಂಬ ಪ್ರತಿಕಾಯ ಇಲ್ಲದಿದ್ದರೆ, ಸೋಂಕು ಎಂದೋ ತಗುಲಿ ಮೈ ಅದನ್ನು ಎದುರಿಸಲು ಕಲಿತಿದೆ ಎಂದರ್ಥ. ಮುಂದಿನ ಮಗುವಿಗೆ ಸಾಮಾನ್ಯವಾಗಿ ಅದೇ ಕಾವಲು. ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರ ಮಾತು ಬೇರೆ. ಐಜಿಎಂ ಇದ್ದರೂ ಅದೊಂದರಿಂದಲೇ ತೀರ್ಮಾನ ಸಲ್ಲದು, ಅದು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಆಗ ಅವಿಡಿಟಿ ಎಂಬ ಇನ್ನೊಂದು ಪರೀಕ್ಷೆ ಸೋಂಕು ಹಳೆಯದೋ ಹೊಸದೋ ಎಂದು ಅಂದಾಜಿಸಲು ನೆರವಾಗುತ್ತದೆ. ಹೊಸದೆಂದು ಖಚಿತವಾದರೆ ಸ್ಪೈರಾಮೈಸಿನ್‌ನಂಥ ಔಷಧಿ ಇದೆ.

ಫ್ರಾನ್ಸಿನಲ್ಲಿ ಐಜಿಜಿ ಇಲ್ಲದ ಬಸುರಿಯರಿಗೆ ತಿಂಗಳಿಗೊಮ್ಮೆ ಈ ರಕ್ತಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಬಸುರಿಯರ ಮಾಮೂಲಿ ಪರೀಕ್ಷೆಗಳಲ್ಲಿ ಇದು ಸೇರಿಲ್ಲ. ಆದರೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇದೆ. ಹಳೆಯ ಟಾರ್ಚ್ ವರದಿ ಪೆಟ್ಟಿಗೆಯ ತಳದಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಬಸುರಾಗುವ ಮೊದಲೇ ಐಜಿಜಿ ಇತ್ತು ಎಂಬ ಒಂದು ಸಾಲು ಅದರಲ್ಲಿ ಸಿಕ್ಕರೆ, ಡಾಕ್ಟರಿಗೆ ಇನ್ನೊಂದು ಪರೀಕ್ಷೆ ಬರೆಯುವ ಅಗತ್ಯವೇ ಬೀಳದಿರಬಹುದು.